ಬೇಸಗೆಯ ಮನೆಗೆ ಹೂವು

ಪಂಚಾಂಗವು ಚೈತ್ರ ವೈಶಾಖಗಳನ್ನು ವಸಂತವೆನ್ನುವುದು. ನಮ್ಮ ಮೈಸೂರು ಸೀಮೆಯ ಬಿಸಿಲಾದರೋ ಆ ಗಣನೆಗೆ ಕಿವಿಗೊಡದು. ಗ್ರೀಷ್ಮದ ಜ್ಯೇಷ್ಠಮಾಸವು ಬರುವಷ್ಟರಲ್ಲಿ ಮೋಡಗಳೂ ಬಂದಿರುವುವು. ಆದಕಾರಣ ಬೇಸಗೆಯ ಹೂವೆಂದು ನಾನು ಇಲ್ಲಿ ಹೇಳುವುದು ಯುಗಾದಿಯಿಂದ ಮೊದಲ ಮಳೆಯವರೆಗೆ ಅರಳತಕ್ಕವುಗಳನ್ನೇ ಎಂದು ವಾಚಕರು ತಿಳಿಯಬೇಕು.

ಪ್ರಾಚೀನರು ಎಣಿಸಿರುವ 64 ಕಲೆಗಳಲ್ಲಿ ಪುಷ್ಪಾಸ್ತರಣವೂ ಒಂದು. ನಮ್ಮ ನಿಮ್ಮ ಮನೆಗೆ ಅಷ್ಟು ದೊಡ್ಡ ಹೆಸರು ಬೇಡ. ಅಗಲಬಾಯಿಯ ಒಂದು ಮಣ್ಣಿನ ಚಟ್ಟಿ, ಎರಡು ಬೆರಳು ನೀರು, ಒಂದು ಹಿಡಿ ದುಂಡುಮಲ್ಲಿಗೆ, ಇಷ್ಟಿದ್ದರೆ ಸಾಕು. ಮೆರುಗು ಕೊಡದ ಮಣ್ಣಿನ ಪಾತ್ರೆಯು ನೀರನ್ನು ಮೈಯಿಂದ ಸ್ವಲ್ಪಸ್ವಲ್ಪವಾಗಿ ಜಿನುಗಿಸುವುದು. ಆ ತೇವವು ಆವಿಯಾಗುತ್ತ ಒಳಗಿನ ನೀರನ್ನು ತಂಪಾಗಿಡುವುದು. ಹಿತ್ತಾಳೆಯ ಪಾತ್ರೆಗೆ ಈ ಗುಣವಿಲ್ಲ.

ಮಲ್ಲಿಗೆಯನ್ನು ಅರಳಿದ ಮೇಲೆ ಬಿಡಿಸಬಾರದು. ಅಂದಿನ ಸಂಜೆಗೆ ಬಿರಿಯಲಿರುವ ತುಂಬುಮೊಗ್ಗನ್ನು ಬಿಸಿಲೇರುವ ಮುನ್ನವೇ ಬಿಡಿಸಿ, ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು, ಸಂಜೆ ನೀರಿನ ಮೇಲೆ ತೇಲಿಬಿಟ್ಟರೆ ದೀಪ ಹಚ್ಚುವ ಹೊತ್ತಿನಿಂದ ಒಂದೊಂದಾಗಿ ಅರಳುವುವು. ಚಟ್ಟಿಯನ್ನು ಹೂವಿನಿಂದ ಮುಚ್ಚಿಬಿಡಬಾರದು. ನೀರೇ ಕಾಣದಿದ್ದ ಮೇಲೆ ಕಣ್ಣಿಗೆ ತಂಪೆಲ್ಲಿಯದು?

ಇದು ನನಗೆ ಹೊಳೆದುದು ಯಾವ ಗ್ರಂಥದಿಂದಲೂ ಅಲ್ಲ. ನಮ್ಮಕ್ಕ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದು ಬಹುಕಾಲವಾಯಿತು. ಪ್ರತಿ ಬೇಸಗೆಯಲ್ಲಿಯೂ ಸಂಜೆ ಮೊರದಲ್ಲಿ ಮೊಗ್ಗನ್ನಿಟ್ಟುಕೊಂಡು ಬಾಳೆನಾರಿನಿಂದ ದಂಡೆ ಕಟ್ಟುವವಳು ಆಕೆಯೇ. ದೇವರಿಗೂ ಮನೆಯ ಹೆಣ್ಣುಮಕ್ಕಳಿಗೂ ಹಂಚಿ, ತಾನು ಬರಿಗೈಯಲ್ಲಿ ಏಳುವಳು. ಈ ನಿಷೇಧವನ್ನು ನಾನು ಒಪ್ಪತಕ್ಕವನಲ್ಲ. "ಅಕ್ಕ, ನೀನೂ ಒಂದು ತುಂಡು ಮುಡಿದುಕೊ" ಎಂದು ಒಮ್ಮೆ ಹೇಳಿದೆ. "ನೀನೇನೋ ಹೇಳುತ್ತೀಯಪ್ಪ, ನನಗೆ ಕೈ ಏಳುವುದಿಲ್ಲ" ಎಂದಳು. ಬಲವಂತಪಡಿಸಲಿಲ್ಲ. ಹೋದ ಬೇಸಗೆಯ ಒಂದು ಸಂಜೆ ಹಿಡಿ ಮೊಗ್ಗನ್ನು ಚಟ್ಟಿಯಲ್ಲಿ ತೇಲಿಬಿಟ್ಟು ಆಕೆಯ ಹಾಸಿಗೆಯ ಬಳಿ ಇಟ್ಟೆನು. ಆಕೆ ಏನನ್ನೂ ಹೇಳಲಿಲ್ಲ. ಮರುದಿನ ನೋಡಿದರೆ, ದಂಡೆ ಕಟ್ಟಲು ಕೂರುವ ಮೊದಲೇ ಮೊರದಿಂದ ಒಂದು ಹಿಡಿಯನ್ನು ತೆಗೆದು ಬೇರೆ ಇಟ್ಟಿದ್ದಳು.

ಕಕ್ಕೆಯ ಹೊಂಬಣ್ಣದ ಗೊಂಚಲೂ ಈ ಕಾಲದ್ದೇ. ಅದು ಜೋತಾಡುವ ಜಾತಿಯದು. ಹೂದಾನಿಯಲ್ಲಿ ನೆಟ್ಟಗೆ ನಿಲ್ಲಿಸುವುದು ಅದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ ಶಿಕ್ಷೆಯಂತೆ. ತೊಟ್ಟನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗಿ ಕೊಳೆಯುವ ಎಲೆಗಳನ್ನು ಕಿತ್ತು, ಗೋಡೆಯ ಗೂಡಿನಲ್ಲಿಟ್ಟ ತಂಬಿಗೆಯಿಂದ ಕೆಳಕ್ಕೆ ಇಳಿಬಿಡುವುದು ಉಚಿತ. ಕಣಗಿಲೆ ಮಾತ್ರ ಮಕ್ಕಳಿರುವ ಮನೆಯಲ್ಲಿ ಬೇಡ. ಅದು ಸರ್ವಾಂಗವೂ ವಿಷ, ಅದನ್ನಿಟ್ಟ ನೀರೂ ಬಾಯಿಗೆ ಹೋಗಬಾರದು. ಮಾವು ಮಾಗಲು ಹಾಕಿರುವ ಕೋಣೆಯಲ್ಲಿಯೂ ಹೂವಿಡಬೇಡಿರಿ. ಮಾಗುವ ಹಣ್ಣಿನಿಂದ ಹೊರಡುವ ಎಥಿಲೀನ್ ಎಂಬ ಅನಿಲವು ಹೂಗಳನ್ನು ಬೇಗ ಬಾಡಿಸುವುದು.

ನೀರನ್ನು ಪ್ರತಿದಿನವೂ ಬದಲಾಯಿಸತಕ್ಕದ್ದು. ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯು ನಿಂತ ತಿಳಿನೀರಿನ ಅಂಚಿನಲ್ಲಿ, ಪಾತ್ರೆಯ ಒಳಮೈಗೆ ಅಂಟುವಂತೆ ಮೊಟ್ಟೆಯಿಡುವುದು. ಆದುದರಿಂದ ನೀರನ್ನು ಚೆಲ್ಲಿದರೆ ಸಾಲದು, ನಾರಿನಿಂದ ಚೆನ್ನಾಗಿ ಉಜ್ಜಬೇಕು. ಅಕ್ಕನ ಚಟ್ಟಿಯನ್ನು ಬೆಳಗ್ಗೆ ಉಜ್ಜುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.