ಪರದೇಶದ ಇಂಗ್ಲಿಷ್ ಮೇಷ್ಟ್ರು

ಮೊನ್ನೆ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು, “ಸಾರ್, ಇಂಗ್ಲಿಷ್ ಕಲಿಸಲು ಕೊರಿಯಾಕ್ಕೆ ಹೋಗಬೇಕೆಂದಿದ್ದೇನೆ, ತಾವೊಂದು ಶಿಫಾರಸು ಪತ್ರ ಕೊಡಬೇಕು” ಎಂದನು. ಇಂಗ್ಲಿಷ್ ಎಂ.ಎ.ಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ ಹುಡುಗ. ಪತ್ರ ಬರೆಯುವ ಮುನ್ನ ಆ ವೃತ್ತಿಯ ನಿಜಸ್ಥಿತಿಯನ್ನು ವಿಚಾರಿಸಿ ನೋಡಿದೆ.

ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಬೋಧಕರ ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್ ಮೊದಲಾದ ಏಳು ದೇಶಗಳ ಪ್ರಜೆಗಳಿಗೆ ಸಲ್ಲುತ್ತದೆ. ಅವರಿಗೆ ಯಾವ ವಿಷಯದ ಪದವಿಯಾದರೂ ಸಾಕು. 2010ರಲ್ಲಿ ಜಾರಿಗೆ ಬಂದ ಒಪ್ಪಂದವು ಭಾರತೀಯರಿಗೂ ಬಾಗಿಲು ತೆರೆಯಿತಾದರೂ, ಅದು ಶಾಲೆಗಳ ಸಹಾಯಕ ಬೋಧಕನ ಸ್ಥಾನಕ್ಕೆ. ಪದವಿಯೊಡನೆ ಬೋಧನಾರ್ಹತೆಯ ಪ್ರಮಾಣಪತ್ರವೂ ಬೇಕು. ವಿದ್ಯೆಗಿಂತ ಪಾಸ್‌ಪೋರ್ಟಿಗೇ ಅಲ್ಲಿ ತೂಕ ಹೆಚ್ಚು.

ಬಾಗಿಲು ದಾಟಿದವರಿಗಾದರೂ ನೆಲೆಯುಂಟೆ? ಜಪಾನಿನಲ್ಲಿ 1987ರಿಂದ ನಡೆದಿರುವ ಸರಕಾರಿ ‘ಜೆಟ್’ ಯೋಜನೆಯಲ್ಲಿ ಕರಾರು ವರ್ಷಕ್ಕೊಮ್ಮೆ. ಹೆಚ್ಚೆಂದರೆ ಐದು ವರ್ಷ. ಅಲ್ಲಿನ ನೋವಾ ಎಂಬ ಖಾಸಗಿ ಸಂಸ್ಥೆ 2007ರಲ್ಲಿ ಕುಸಿದಾಗ ಸಾವಿರಾರು ವಿದೇಶೀ ಬೋಧಕರು ಸಂಬಳವಿಲ್ಲದೆ ಬೀದಿಗೆ ಬಿದ್ದರು.

ಭಾಷೆ ಅದರಲ್ಲಿ ಹುಟ್ಟಿದವನಿಗೇ ಒಲಿಯುವುದಾಗಿದ್ದರೆ, 1894ರಲ್ಲಿ ನಮಗೆ ನಿಘಂಟನ್ನಿತ್ತ ಜರ್ಮನಿಯ ಕಿಟ್ಟೆಲರನ್ನು ಏನೆನ್ನೋಣ? ನಾಲ್ಕು ತಲೆಮಾರಿನ ಕನ್ನಡ ಅಧ್ಯಾಪಕರು ಆ ಪುಟಗಳನ್ನು ತಿರುವಿಯೇ ಪಾಠ ಹೇಳಿದ್ದೇವೆ.

ಪತ್ರವನ್ನು ಬರೆದುಕೊಟ್ಟೆ. “ಹೋಗಿ ಲೋಕ ನೋಡಿ ಬಾ; ಆದರೆ ಮೊದಲು ಬಿ.ಎಡ್. ಮುಗಿಸು. ಹಿಂದಿರುಗಿದಾಗ ನಿಲ್ಲಲು ನೆಲವಿರಲಿ” ಎಂದೆ. ಹುಡುಗ ತಲೆದೂಗಿದನು, ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ.