ಹೊಸ ಹಡಗು ಬರುವವರೆಗೆ

ಸಾಗರ ಸಂಶೋಧನೆಗೆ ಹೊಸ ಹಡಗು ಕಟ್ಟಿಸಲು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು ಕೋಲ್ಕತ್ತದ ಗಾರ್ಡನ್ ರೀಚ್ ಹಡಗು ನಿರ್ಮಾಣ ಕಂಪನಿಯೊಂದಿಗೆ 2024ರ ಜುಲೈನಲ್ಲಿ ಸುಮಾರು 840 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದೆ. ತಡವಾದರೂ ಇದು ಸ್ವಾಗತಾರ್ಹ. ಕಡಲಿನಿಂದ ಬಹುದೂರದ ಅಳವಂಡಿ ಊರಿನ ಎರೆಹೊಲಗಳಿಗೂ ಇದರ ನಂಟಿದೆ. ಇಲ್ಲಿನ ಬಿತ್ತನೆ ನಿಂತಿರುವುದು ಮುಂಗಾರಿನ ಮೇಲೆ; ಆ ಮುಂಗಾರನ್ನು ಅರಿಯಲು ಕಡಲಿನ ಅಧ್ಯಯನ ಬೇಕು. 1983ರಿಂದ ದುಡಿಯುತ್ತ ಬಂದ ಸಂಶೋಧನಾ ಹಡಗು ‘ಸಾಗರ ಕನ್ಯಾ’ 1999ರಲ್ಲಿ ಬಂಗಾಳಕೊಲ್ಲಿಯಲ್ಲೂ, 2002ರಲ್ಲಿ ಅರಬ್ಬಿ ಸಮುದ್ರದಲ್ಲೂ ಮುಂಗಾರಿನ ಅಧ್ಯಯನ ನಡೆಸಿತು. ಮುಂಗಾರಿಗೆ ಮೀನುಗಾರರ ದೋಣಿಗಳು ದಡ ಸೇರುವ ಹೊತ್ತಿಗೆ ಇಂಥ ಅಧ್ಯಯನದ ಹಡಗು ಕಡಲಿಗಿಳಿಯುತ್ತದೆ. ಓಲಾಡುವ ಡೆಕ್ ಮೇಲೆ ನಿಂತು ಉಕ್ಕಿನ ಹಗ್ಗದಲ್ಲಿ ಉಪಕರಣ ಇಳಿಸಿ ಆಳದ ನೀರಿನ ಉಷ್ಣತೆ, ಉಪ್ಪಿನಂಶ ಅಳೆಯುವುದು, ಆಗಸಕ್ಕೆ ಬಲೂನು ಹಾರಿಬಿಡುವುದು ಹಗಲು ರಾತ್ರಿ ಪಾಳಿಯಲ್ಲಿ ಸಾಗುವ ಕೆಲಸ.

ಹೊಸ ಹಡಗಿಗೆ ಒಪ್ಪಂದದ ಗಡುವೇ 42 ತಿಂಗಳು. ಅಲ್ಲಿಯವರೆಗೆ ಭಾರವೆಲ್ಲ ಹಳೆಯ ಹಡಗುಗಳ ಮೇಲೆ ಬೀಳುತ್ತದೆ ಎಂಬುದೇ ಚಿಂತೆಯ ವಿಷಯ. 2019ರ ಮಾರ್ಚ್‌ನಲ್ಲಿ ಮಂಗಳೂರು ಕರಾವಳಿಯಾಚೆ ಇನ್ನೊಂದು ಹಳೆಯ ಸಂಶೋಧನಾ ಹಡಗು ‘ಸಾಗರ ಸಂಪದ’ದಲ್ಲಿ ಬೆಂಕಿ ಹೊತ್ತಿಕೊಂಡಾಗ ಅದರಲ್ಲಿ 16 ವಿಜ್ಞಾನಿಗಳೂ ಸೇರಿ 46 ಜನರಿದ್ದರು. ಕರಾವಳಿ ಕಾವಲು ಪಡೆಯ ಹಡಗು ‘ವಿಕ್ರಮ್’ ಧಾವಿಸಿ ಬೆಂಕಿ ನಂದಿಸಿದ್ದರಿಂದ ಅನಾಹುತ ತಪ್ಪಿತು. ಹಳೆಯ ಹಡಗುಗಳ ಎಂಜಿನ್ ಮತ್ತು ಅಗ್ನಿಸುರಕ್ಷತೆಯನ್ನು ಭೂವಿಜ್ಞಾನ ಸಚಿವಾಲಯವು ಪ್ರತಿ ಯಾನಕ್ಕೂ ಮುನ್ನ ಸ್ವತಂತ್ರ ತಜ್ಞರಿಂದ ತಪಾಸಣೆ ಮಾಡಿಸಬೇಕು. ತಪಾಸಣೆಯಲ್ಲಿ ಸೋತ ಹಡಗನ್ನು ಬಂದರಿನಲ್ಲೇ ನಿಲ್ಲಿಸಬೇಕು. ಆಗ ಬಾಡಿಗೆ ಹಡಗು ಪಡೆದಾದರೂ ಮುಂಗಾರಿನ ಯಾನ ನಡೆಯಬೇಕು. ಅದಕ್ಕೆ ಬೇಕಾದ ಹಣವನ್ನು ಈಗಲೇ ತೆಗೆದಿರಿಸಬೇಕು.