ಯಾರಾದ್ರೂ ಗುರುತು ಹಿಡಿದ್ರೆ?

ಮೊನ್ನೆ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ನನ್ನ ಹಾಗೇ ಅವನಿಗೂ ಆಗಾಗ ಹೆಂಗಸರ ಬಟ್ಟೆ ಹಾಕ್ಕೊಳ್ಳೋ ಆಸೆ. ಎರಡು ವರ್ಷದಿಂದ ರೂಮಿನ ಬಾಗಿಲು ಹಾಕ್ಕೊಂಡೇ ನಡೀತಿದೆ, ಹೊಸ್ತಿಲು ದಾಟಿಲ್ಲ. "ಅಣ್ಣಾ, ಹೊರಗೆ ಹೋಗೋ ಧೈರ್ಯ ಹೇಗೆ ಬರುತ್ತೆ? ಯಾರಾದ್ರೂ ಗುರುತು ಹಿಡಿದ್ರೆ?" ಅಂದ. ಫೋನಲ್ಲಿ ಏನೋ ತಡವರಿಸಿದೆ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲೇ ಒಂದು ಮಾತು. ನಾನು ಗಂಡಸೇ. ಭಾನುವಾರ ಚೂಡಿದಾರ್ ಹಾಕ್ಕೊಂಡು, ಸೋಮವಾರ ಅದನ್ನ ಮಡಚಿಟ್ಟು ಆಫೀಸಿಗೆ ಹೋಗೋ ಅನುಕೂಲ ನನಗಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಅದಿಲ್ಲ. ಅವರ ಕಷ್ಟಕ್ಕೆ ನನ್ನದನ್ನ ಹೋಲಿಸೋ ಉದ್ದೇಶ ನನಗಿಲ್ಲ.

ಈಗ ಆ ಹುಡುಗನ ಪ್ರಶ್ನೆ. ನಾನೂ ಅದೇ ಭಯದಲ್ಲಿ ವರ್ಷಗಟ್ಟಲೆ ಕಳೆದೆ. ಮೊದಲ ಸಲ ಹೊರಗೆ ಹೋಗಿದ್ದು ರಾತ್ರಿ ಹನ್ನೊಂದೂವರೆಗೆ, ಕತ್ತಲಲ್ಲಿ ಯಾರಿಗೂ ಗೊತ್ತಾಗಲ್ಲ ಅಂತ. ಬೀದಿನಾಯಿಗಳಿಗೆ ಗೊತ್ತಾಯ್ತು :-) ಹಿಂದೆ ಒಂದು ಬೈಕ್ ಬೇರೆ ನಿಧಾನವಾಯ್ತು. ಚಪ್ಪಲಿ ಕೈಲಿ ಹಿಡ್ಕೊಂಡು ಮನೆಗೆ ಓಡಿ ಬಂದೆ. ಆಮೇಲೆ ಆರು ತಿಂಗಳು ಬೀರು ತೆಗೀಲಿಲ್ಲ.

ಯಾರೂ ಗುರುತು ಹಿಡೀಬಾರದು ಅನ್ನೋದೇ ಗುರಿಯಾದ್ರೆ ಎದುರಿಗೆ ಬರೋ ಪ್ರತಿಯೊಬ್ಬರ ಕಣ್ಣೂ ಒಂದು ಪರೀಕ್ಷೆ. ಸಾವಿರ ಟೆಸ್ಟ್ ಕೇಸ್ ಪಾಸಾಗಿ ಒಂದು ಫೇಲಾದ್ರೂ ಮುಗೀತು! ಆ ಗುರಿಯೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಗುರುತು ಹಿಡೀತಾರೆ. ಹಿಡಿದ್ರೂ ಪರವಾಗಿಲ್ಲ ಅನ್ನಿಸೋವರೆಗೆ ಧೈರ್ಯ ಬರಲ್ಲ.

ನಮ್ಮ ಕರಾವಳಿ ಕಡೆ ಯಕ್ಷಗಾನದ ಚೌಕಿಯಲ್ಲಿ ಸ್ತ್ರೀವೇಷದವರು ಸೀರೆ ಉಡೋದನ್ನ ಚಿಕ್ಕವನಿದ್ದಾಗ ಬಿಟ್ಟ ಕಣ್ಣು ಬಿಟ್ಟಹಾಗೆ ನೋಡ್ತಿದ್ದೆ. ರಾತ್ರಿ ದಮಯಂತಿಯಾಗಿ ಊರನ್ನೇ ಅಳಿಸಿದವರು ಬೆಳಿಗ್ಗೆ ಲುಂಗಿ ಉಟ್ಟು ಹೋಟೆಲಲ್ಲಿ ಚಾ ಕುಡೀತಿದ್ರು. ಅವರು ಗಂಡಸು ಅಂತ ಎಲ್ಲರಿಗೂ ಗೊತ್ತು, ಅವರೂ ಮುಚ್ಚಿಡ್ತಿರಲಿಲ್ಲ. ಕೇರಳದ ಕೊಲ್ಲಂ ಹತ್ತಿರ ಚವರದ ಕೊಟ್ಟನ್‌ಕುಳಂಗರ ದೇವಸ್ಥಾನದಲ್ಲಿ ಪ್ರತಿ ಮಾರ್ಚ್ ಕೊನೆಗೆ ಚಮಯವಿಳಕ್ಕು ನಡೆಯುತ್ತೆ. ಸಾವಿರಾರು ಗಂಡಸರು ಸೀರೆ ಉಟ್ಟು, ಹೂ ಮುಡಿದು, ದೀಪ ಹಿಡಿದು ನಿಲ್ತಾರೆ. ಮನೆಯವರೇ ಮುಂದೆ ನಿಂತು ಸೆರಗು ಸರಿ ಮಾಡ್ತಾರೆ.

"ಅದು ರಂಗಸ್ಥಳ, ಇದು ದೇವರ ಕೆಲಸ. ರಸ್ತೆ ಬೇರೆ" ಅಂತೀರಾ? ನಿಜ. ಅಲ್ಲಿ ಊರೇ ಅಪ್ಪಣೆ ಕೊಟ್ಟಿರುತ್ತೆ. ರಸ್ತೆಯಲ್ಲಿ ಆ ಅಪ್ಪಣೆ ನಮಗೆ ನಾವೇ ಕೊಟ್ಕೋಬೇಕು. ಕಾನೂನಂತೂ ಅಡ್ಡ ನಿಂತಿಲ್ಲ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಉಡುಪಿನ ಆಯ್ಕೆಯೂ ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತೆ ಅಂದಿದೆ. ಅದು ಲಿಂಗತ್ವ ಅಲ್ಪಸಂಖ್ಯಾತರ ಪ್ರಕರಣ. ಆ ಮಾತಿನ ನೆರಳಲ್ಲಿ ನನ್ನಂಥವರಿಗೂ ಸ್ವಲ್ಪ ಜಾಗ ಇದೆ ಅಂದ್ಕೊಂಡಿದ್ದೀನಿ.

ಹಾಗಂತ ಹುಂಬತನ ಬೇಡ. ಹೊಸಬರಿಗೆ ನಾನು ಹೇಳೋದು ಇಷ್ಟು. ಹಾಕ್ಕೊಂಡ ಬಟ್ಟೆ ಮರೆತುಹೋಗೋವರೆಗೆ ಇಡೀ ದಿನ ಮನೆಯಲ್ಲೇ ಅದರಲ್ಲಿರಿ. ಅಡುಗೆ ಮಾಡಿ, ಪಾತ್ರೆ ತೊಳೀರಿ. ಮೊದಲ ದಿನವೇ ಸೀರೆ, ಹೀಲ್ಸ್ ಬೇಡ, ಕುರ್ತಾ ಮತ್ತು ಚಪ್ಪಟೆ ಚಪ್ಪಲಿ ಸಾಕು. ಗಡ್ಡದ ನೀಲಿ ಛಾಯೆ ಮುಚ್ಚೋಕೆ ಫೌಂಡೇಶನ್‌ಗೆ ಮುಂಚೆ ತೆಳ್ಳಗೆ ಕಿತ್ತಳೆ ಬಣ್ಣದ ಕರೆಕ್ಟರ್ ಹಚ್ಚಿ. ರಾತ್ರಿ ಖಾಲಿ ರಸ್ತೆಗಿಂತ ಹಗಲಲ್ಲಿ ಜನ ಓಡಾಡೋ ಜಾಗ ವಾಸಿ, ಅಲ್ಲಿ ಎಲ್ಲರಿಗೂ ಅವರವರ ಕೆಲಸ. ನಂಬಿಕೆಯ ಒಬ್ಬರು ಜೊತೆಗಿರಲಿ, ಐಡಿ ಕಾರ್ಡ್ ಇಟ್ಕೊಳ್ಳಿ. ಗುಂಪು ಸೇರಿ ಚುಡಾಯಿಸಿದ್ರೆ ವಾದಕ್ಕೆ ನಿಲ್ಲದೆ ಹೊರಡಿ.

ನನ್ನ ನಿಜವಾದ ಪರೀಕ್ಷೆ ಆಗಿದ್ದು ನಮ್ಮ ಮೆಟ್ರೋದಲ್ಲಿ. ಜೊತೆಗೆ ಗೆಳತಿ ಇದ್ದಳು. ತಪಾಸಣೆಗೆ ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು. ಎಲ್ಲಿ ನಿಲ್ಲಲಿ? ಇದನ್ನ ಯೋಚನೆಯೇ ಮಾಡಿರಲಿಲ್ಲ. ಕಾಲು ನಡುಗ್ತಿತ್ತು. ಹೆಂಗಸರ ಸಾಲಲ್ಲಿ ನಿಂತು ಯಾರಿಗೂ ಮುಜುಗರ ಮಾಡೋದು ಬೇಡ ಅಂತ ದುಪಟ್ಟಾ ಸರಿ ಮಾಡ್ಕೊಂಡು ಗಂಡಸರ ಸಾಲಿಗೇ ಹೋದೆ. ಗಾರ್ಡ್ ಒಂದು ಸಲ ಮೇಲಿಂದ ಕೆಳಗೆ ನೋಡಿದ್ರು. ಹಿಂದೆ ಯಾರೋ ಕಿಸಕ್ಕಂದ್ರು. "ಬ್ಯಾಗ್ ಆ ಕಡೆ ಇಡಿ, ಮುಂದೆ ಹೋಗಿ" ಅಂದ್ರು ಗಾರ್ಡ್. ಅಷ್ಟೇ. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ನೋ ಅದು ಐದು ಸೆಕೆಂಡಲ್ಲಿ ಆಗಿಹೋಯ್ತು, ನಾನಿನ್ನೂ ನಿಂತೇ ಇದ್ದೆ.

ಊರಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ. ಅದಕ್ಕೆ ಬೇಕಾದ ಧೈರ್ಯವೇ ಬೇರೆ, ಅದು ಯಾವ ಮೆಟ್ರೋ ಸ್ಟೇಷನ್ನಲ್ಲೂ ಸಿಗಲ್ಲ. ಹಾಗಾಗಿ ತಮ್ಮಾ, ನಾನೇನು ದೊಡ್ಡ ಧೈರ್ಯವಂತ ಅಂದ್ಕೋಬೇಡ. ನಿನಗಿಂತ ನಾಲ್ಕು ಹೆಜ್ಜೆ ಮುಂದಿದ್ದೀನಿ, ಅಷ್ಟೇ. ಬರೋ ಭಾನುವಾರ ಬಿಡುವಿದ್ರೆ ಹೇಳು, ಜೊತೆಗೆ ಬರ್ತೀನಿ. ಹಗಲಲ್ಲೇ ಹೋಗೋಣ :-)